ಜೂನ್ ಒಂದರ ಕೇಕು

ತಿತಿಮತಿಯ ಆಶ್ರಮಶಾಲೆಯ ದಾಖಲಾತಿ ಪುಸ್ತಕದಲ್ಲಿ
ಹದಿನೇಳು ಮಕ್ಕಳು ಹುಟ್ಟಿದ್ದು ಒಂದೇ ದಿನ.
ಹಿಂದೆ ಇದ್ದ ಮೇಷ್ಟ್ರು ನೀಲಿ ಶಾಯಿಯಲ್ಲಿ
ಒಂದರ ಕೆಳಗೊಂದು ಜೂನ್ ಒಂದು, ಜೂನ್ ಒಂದು ಎಂದು
ಕೋಷ್ಟಕ ತುಂಬಿಸಿ ಮನೆಗೆ ಹೋದರು.
ಕೇಳಿದರೆ ಚಿಕ್ಕಿಯ ಅವ್ವ ಹೇಳುತ್ತಾಳೆ:
ಜೇನು ಇಳಿಸುವ ಕಾಲ, ಆನೆ ಬಂದ ರಾತ್ರಿ.
ಅಷ್ಟು ಉದ್ದದ ತಾರೀಖಿಗೆ ಆ ಮನೆಯಲ್ಲಿ ಜಾಗವಿಲ್ಲ.

ಸರಿ, ಹಾಗಾದರೆ ಒಂದೇ ಕೇಕು ಸಾಕು ಅಂದೆ,
ನಾನು ಅಡುಗೆಯವಳು, ಉಳಿತಾಯ ನನಗೆ ರೂಢಿ.

ಓವನ್ನಿಲ್ಲ.
ದೊಡ್ಡ ಕುಕ್ಕರಿಗೆ ಎರಡು ಬೆರಳು ಹೊಳೆಮರಳು,
ಜರಡಿ ಹಿಡಿದು ತೊಳೆದು ಒಣಗಿಸಿದ್ದು.
ಗ್ಯಾಸ್ಕೆಟ್ ತೆಗೆದೆ, ಸೀಟಿ ತೆಗೆದೆ.
ಸೀಟಿಯಿಲ್ಲದ ಕುಕ್ಕರು ನಮ್ಮ ವಾರ್ಡನ್ ಹಾಗೆ,
ಸದ್ದಿಲ್ಲದೆ ಒಳಗೊಳಗೇ ಕಾಯುತ್ತದೆ.
ಎರಡು ಸಲ ಬೇಯಿಸಿ ಒಂದರ ಮೇಲೊಂದು ಕೂರಿಸಿ
ಉಬ್ಬಿದ ತಲೆಯನ್ನು ದಾರದಿಂದ ಸಮ ಕೊಯ್ದು
(ಕೊಯ್ದ ತುಂಡು ಎಲ್ಲಿ ಹೋಯಿತೆಂದು ಕೇಳಬೇಡಿ)
ಬೆಣ್ಣೆ ಸಕ್ಕರೆ ನೊರೆಯೆದ್ದಮೇಲೆ
ಬಿಸಿನೀರಲ್ಲಿ ಅದ್ದಿದ ಸ್ಟೀಲಿನ ಅಡಿಪಟ್ಟಿಯಿಂದ ಗೋಡೆ ನೀವಿದೆ.

ತಿರುಗುವ ಮಣೆ ಬೇಕಲ್ಲ?
ಒಂದು ಊಟದ ತಟ್ಟೆ, ಅದರೊಳಗೆ ಹನ್ನೆರಡು ಗೋಲಿ,
ಗೋಲಿಗಳ ಮೇಲೆ ಇನ್ನೊಂದು ತಟ್ಟೆ.
ಗೋಲಿ ಮುತ್ತನದು. ಎಣಿಸಿ ಕೊಟ್ಟ,
ಎಣಿಸಿ ವಾಪಸ್ಸು ಕೊಡಬೇಕೆಂದ,
ಬಾಗಿಲ ಹತ್ತಿರ ಕೂತೇ ಇದ್ದ.

ಬಣ್ಣಕ್ಕೆ ಬೀಟ್‌ರೂಟು ತುರಿದು ಹಿಂಡಿದ್ದು,
ಅಕ್ಷರಕ್ಕೆ ಮಾತ್ರ ಗಟ್ಟಿ ಕಾಫಿ ಡಿಕಾಕ್ಷನ್.

ಬರೆಯುವುದು ಹೇಗೆ?
ಮದುವೆ ಮನೆಗಳಲ್ಲಿ ಮೈಲಾಂಜಿ ಹಾಕುವ ನಬೀಸ ಬಂದಳು.
ಹಾಲಿನ ಪ್ಯಾಕೆಟ್ ಸೀಳಿ ತೊಳೆದು ಒರೆಸಿ
ಹೆಬ್ಬೆರಳ ಸುತ್ತ ಕೋನು ಸುತ್ತಿ ಟೇಪು ಹಚ್ಚಿ
ತುದಿಯನ್ನು ಉಗುರಷ್ಟಲ್ಲ, ಉಗುರಿನ ಅಂಚಷ್ಟು ಕತ್ತರಿಸಿದಳು.
ಮೊದಲು ತಟ್ಟೆಯ ಬೆನ್ನಿನ ಮೇಲೆ ಬರಿ,
ಕೆಟ್ಟರೆ ಕೆರೆದು ಮತ್ತೆ ತುಂಬು.
ತುದಿ ತಾಗಿಸಬೇಡ, ನೂಲು ತಾನೇ ಬೀಳಲಿ.
ಒತ್ತಬೇಡ ಅಂದಳು.

ಒತ್ತಬೇಡ ಅಂದರೆ ಹೇಗೆ ನಬೀಸ?
ಒತ್ತಿಲ್ಲದೆ ಚಿಕ್ಕಿ ಎಲ್ಲಿಂದ ಬರುತ್ತಾಳೆ,
ಬೊಳ್ಳಿ ಎಲ್ಲಿಂದ, ಮುತ್ತ ಎಲ್ಲಿಂದ?
ಈ ಮಕ್ಕಳ ಹೆಸರಿಗೆಲ್ಲ ಕೆಳಗೊಂದು ಪುಟ್ಟ ಜೋತು,
ಕೆಳಗಿನ ಸಾಲಿಗೆ ಕಾಲು ಇಳಿಬಿಟ್ಟು ಕೂರುವಂಥದ್ದು.
ನಬೀಸ ನಕ್ಕಳು. ಅವಳ ಶಾಲೆ ಬೇರೆ, ಅಕ್ಷರ ಬೇರೆ,
ಅಲ್ಲಿ ಚುಕ್ಕಿಗಳದೇ ಗಲಾಟೆ.

ನಡುವಿನಿಂದ ಶುರುಮಾಡಿ ಸುರುಳಿ ಸುತ್ತಿದೆವು.
ತಟ್ಟೆ ತಿರುಗಿಸುವುದು ಅವಳು, ಬರೆಯುವುದು ನಾನು.
ಪಾರು, ಚೋಮ, ಕರಿಯ, ಸುಬ್ಬಿ...
ಹದಿಮೂರಕ್ಕೆ ಮೇಲ್ಮೈ ಮುಗಿಯಿತು.
ಉಳಿದ ನಾಲ್ವರು ಅಂಚು ದಾಟಿ
ಗೋಡೆಯ ಮೇಲೆ ಇಳಿದರು,
ಹೇಗೂ ಗೋಡೆ ಹತ್ತಿ ಇಳಿಯುವವರೇ ಅವರು.

ಹೊರಗೆ ಮಕ್ಕಳು ಹಳೆ ಲಗ್ನಪತ್ರಿಕೆ ಕತ್ತರಿಸಿ
ಗೋಣಿ ನೂಲಿಗೆ ತ್ರಿಕೋನ ಬಾವುಟ ಅಂಟಿಸುತ್ತಿದ್ದರು.
ಯಾರದೋ ಮುಹೂರ್ತ, ಯಾರದೋ ಸೋದರಮಾವ,
ಬಂಗಾರದ ಅಕ್ಷರದಲ್ಲಿ ಅರ್ಧರ್ಧ ತೂಗುತ್ತಿದ್ದರು.
ಅಂಟು ಮೈದಾಹಿಟ್ಟಿನದು. ಅರ್ಧ ಬಾವುಟಕ್ಕೆ, ಅರ್ಧ ಕೂದಲಿಗೆ.

ಸಂಜೆ ಚಾಕು ಇಟ್ಟಾಗ ತಿಳಿಯಿತು,
ಕೇಕು ಕೊಯ್ಯುವ ಗೆರೆ ಹೆಸರಿನ ಗೆರೆಯಲ್ಲ.
ಸುಬ್ಬಿಯ ಅರ್ಧ ಕರಿಯನ ಬಾಯಿಗೆ,
ಪಾರುವಿನ ಕೊಂಬು ಎಲ್ಲೋ.
ಯಾರಿಗೂ ಬೇಸರವಿಲ್ಲ, ತಿನ್ನುವುದರಲ್ಲಿ ಬಿಡುವೆಲ್ಲಿ.
ಚಿಕ್ಕಿ ಮಾತ್ರ ತನ್ನ ತುಂಡನ್ನು ದಿಟ್ಟಿಸಿದಳು.
ಅಕ್ಕಾ, ನನ್ನ ಕೆಳಗಿನ ಕ ಇಲ್ಲ.

ಅದು ಮುತ್ತನ ತುಂಡಿನ ತಲೆಮೇಲೆ ಕೂತಿತ್ತು.
ಅವನು ಬಾಯಿ ತೆರೆದಿದ್ದ. ಮುಚ್ಚಿದ.
ತೋರುಬೆರಳ ತುದಿಯಲ್ಲಿ ಅದನ್ನು ಮೆಲ್ಲಗೆ ಎತ್ತಿ
ಅವಳ ತಟ್ಟೆಗೆ ದಾಟಿಸಿದ,
ಬೆರಳಿಗೆ ಅಂಟಿದ್ದನ್ನು ಚೀಪಿಕೊಂಡ.

ಆಮೇಲೆ ನನ್ನ ಕಡೆ ತಿರುಗಿ ಕೈಯೊಡ್ಡಿದ.
ಗೋಲಿ ಎಣಿಸಿದೆವು.
ಹನ್ನೊಂದು.