ಬರೋ ವರ್ಷ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು
ಮನೆ ಖಾಲಿ ಮಾಡಿ ನೋಡು ಎನ್ನಲಿಲ್ಲ.
ಅವರಿಗೇನು ಗೊತ್ತು, ಡಾರ್ಬಿಯ ಈ ಮನೆಯಲ್ಲಿ
ಅಟ್ಟದ ಮಡಚು ಏಣಿಯ ಮೂರನೇ ಮೆಟ್ಟಿಲು
ಎಪ್ಪತ್ತಮೂರರ ಮೊಣಕಾಲಿಗೆ ಏನು ಹೇಳುತ್ತದೆಂದು.

ನೀಲಾಂಬಿಕೆ ಮೂರು ಬಣ್ಣದ ಚೀಟಿ ತಂದಿದ್ದಾಳೆ.
ಹಸಿರು, ನಮ್ಮ ಜೊತೆ ಬರುವುದು. ಕೆಂಪು, ಹೋಗುವುದು.
ಹಳದಿ, ಆಮ್ಯಾಲೆ ನೋಡೂಣು.
ಸಂಜೆಯ ಹೊತ್ತಿಗೆ ಮನೆಯೆಲ್ಲ
ಮದುಮಗಳಂತೆ ಅರಿಶಿನ.

ಕುರ್ಚಿಯದೊಂದು ನನ್ನ ಬೆನ್ನಿಗಂಟಿತ್ತಂತೆ.
ಚಾರಿಟಿ ಅಂಗಡಿಯ ಮೊರೀನ್ ಕನ್ನಡಕ ಇಳಿಸಿ
ನಿನಗೆಷ್ಟು ಬೆಲೆ, ಡಕ್? ಎಂದಳು.
ಈ ಊರಲ್ಲಿ ಅಕ್ಕರೆ ಬಂದರೆ
ಮನುಷ್ಯರನ್ನು ಬಾತುಕೋಳಿ ಎನ್ನುತ್ತಾರೆ.
ನಲವತ್ತಾರು ವರ್ಷ ಬಾತುಕೋಳಿಯಾಗಿದ್ದೇನೆ ನಾನು.

ಬಾಗಿಲ ಮುಂದೆ ಕಬ್ಬಿಣದ ತೊಟ್ಟಿ, ಸ್ಕಿಪ್ಪು,
ವಾರಕ್ಕೆ ಇನ್ನೂರ ಹತ್ತು ಪೌಂಡು.
ರಾತ್ರಿ ಅರ್ಧ ತುಂಬಿದ್ದು ಬೆಳಿಗ್ಗೆ ಮುಕ್ಕಾಲಾಗಿರುತ್ತದೆ:
ಯಾರದೋ ಹಾಸಿಗೆ, ಯಾರದೋ ಮಗುವಿನ ಚಕ್ರವಿಲ್ಲದ ಗಾಡಿ.
ಕೆಟ್ಟಿತೆಂದು ನಾನು ಎಸೆದ ದೀಪ ಮಾತ್ರ
ಎದುರುಮನೆ ಕಿಟಕಿಯಲ್ಲಿ ನಿಶ್ಚಿಂತೆಯಿಂದ ಉರಿಯುತ್ತಿದೆ.

ಕೊನೆಗೆ ಅಟ್ಟ.
ಅಲ್ಲಿದ್ದವು, ಮಡಚಿ, ದಾರ ಬಿಗಿದು, ಗೋಡೆಗೊರಗಿಸಿದವು.
ಫರ್ಗುಸನ್ ಟೀವಿಯ ರಟ್ಟಿನ ಡಬ್ಬ, ಎಪ್ಪತ್ತೊಂಬತ್ತರದು.
ಕೆನ್‌ವುಡ್ ಮಿಕ್ಸರಿನದು. ಹೂವರಿನದು.
ಹೊಲಿಗೆ ಯಂತ್ರದ್ದು, ಅದರ ಥರ್ಮಕೋಲಿನ ಗುಣಿಗಳ ಸಮೇತ.
ಒಳಗಿದ್ದವು ಕೆಟ್ಟು, ಸುಟ್ಟು, ಮಾರಿಹೋಗಿ ಯಾವ ಕಾಲವಾಯಿತೋ.
ಡಬ್ಬಗಳು ಮಾತ್ರ ಇನ್ನೂ ಕಾಯುತ್ತಿದ್ದವು.

ಒಗೀಬ್ಯಾಡ್ರಿ, ಊರಿಗೆ ಹೋಗೂಮುಂದ ಬೇಕಾಗ್ತಾವ
ಎಂದಿದ್ದಳು ಇಪ್ಪತ್ತಮೂರರ ನೀಲಾ.
ಯಾವಾಗ ಹೋಗೋದು? ಬರೋ ವರ್ಷ.
ರೈಲು ಕಾರ್ಖಾನೆಯಲ್ಲಿ ನಾನು ಫೋರ್‌ಮನ್ ಆದಾಗ, ಬರೋ ವರ್ಷ.
ಶೈಲಜೆಯ ಪರೀಕ್ಷೆ ಮುಗಿಯಲಿ, ಬರೋ ವರ್ಷ.
ಗದಗಿನ ಸೈಟು ಮಾರಿ
ಇಲ್ಲಿಯ ಅಡುಗೆಮನೆಗೆ ಟೈಲು ಹಾಕಿಸಿದೆವಲ್ಲ,
ಆ ವರ್ಷ ಇಬ್ಬರೂ ಏನೂ ಅನ್ನಲಿಲ್ಲ.

ಈಗ ಹೊಂಟೇವಲ್ಲ, ಕೆಲಸಕ್ಕ ಬಂದವು ನೋಡು, ಎಂದೆ.
ಮೂರು ಮೈಲಿ. ಡರ್ವೆಂಟ್ ಹೊಳೆಯಾಚೆ ಎರಡು ಕೋಣೆಯ ಫ್ಲ್ಯಾಟು.
ಅವಳು ನಗದೆ ದಾರ ಬಿಚ್ಚಿದಳು,
ಟೀವಿಯ ಡಬ್ಬ ನಿಲ್ಲಿಸಿ ತಳಕ್ಕೆ ಟೇಪು ಎಳೆದಳು,
ಅವ್ವ ಕೊಟ್ಟ ಗಂಗಾಳಗಳನ್ನು ಒಂದರೊಳಗೊಂದು ಕೂರಿಸಿದಳು.
ಎತ್ತಿದೆ.
ನೆನೆದ ರೊಟ್ಟಿಯಂತೆ ತಳ ಕಳಚಿತು.

ಮೆಟ್ಟಿಲುದ್ದಕ್ಕೂ ಗಂಗಾಳದ ಗಲಾಟೆ.
ಪರದೆಯ ಅಳತೆಗೆ ಬಂದಿದ್ದ ಹೊಸ ಮನೆಯೊಡತಿ,
ಟೇಪು ಹಿಡಿದ ಎಳೆಯ ಹುಡುಗಿ, ತಲೆಯೆತ್ತಿದಳು.
ಅವಳ ಬೂಟಿನ ಬಳಿ ಕೊನೆಯದೊಂದು
ಗಿರಗಿರ ತಿರುಗಿ, ನಿಲ್ಲಲು ಬಹಳ ಹೊತ್ತು ಹಿಡಿಯಿತು.
ಎತ್ತಿಕೊಟ್ಟು ಕೇಳಿದಳು, ಇದೇನು ಕೊರೆದಿರುವುದು?
ಹೆಸರು, ಎಂದಳು ನೀಲಾ.
ಯಾರದು?
ನನ್ನದೇ. ಮದುವೆಗೆ ಮುಂಚಿನದು.
ನನಗೆ ಓದಲು ಬರುವ ಅಕ್ಷರ. ಈವರೆಗೆ ಓದಿರಲಿಲ್ಲ.

ಕೌನ್ಸಿಲ್ಲಿನ ಕಸದಂಗಳದಲ್ಲಿ ಹುಡುಗ ಕೈ ತೋರಿದ:
ರಟ್ಟೇ? ಆರನೇ ತೊಟ್ಟಿ.
ಹನ್ನೊಂದು ಡಬ್ಬ. ಹಿಂದಿನ ಕಾರಿನವ ಹಾರ್ನ್ ಒತ್ತಿದ.
ಕಟ್ಟಿದ್ದ ದಾರ ಜೇಬಲ್ಲೇ ಉಳಿಯಿತು.

ಫ್ಲ್ಯಾಟಿಗೆ ಬಂದು ಎರಡು ವಾರ. ಹೊಸ ಕೆಟಲ್ ಕೊಂಡೆವು.
ಚಳಿಗೆ ಸ್ವೆಟರ್ ಹುಡುಕಿದರೆ
ಕಪಾಟಿನ ಮೂಲೆಯಲ್ಲಿ, ಸೀರೆಗಳ ಹಿಂದೆ, ಅದರ ಡಬ್ಬ.
ವಾರಂಟಿ ಐತ್ರಿ, ಇರ್ಲಿ, ಎಂದಳು.
ಎಲ್ಲೀತನ?
ಬೆನ್ನು ತಿರುಗಿಸದೆ ಟವೆಲ್ಲು ಮಡಚಿದಳು,
ಇನ್ನೊಂದು ಮಡಚಿದಳು.
ಬರೋ ವರ್ಷದ ತನಕ.