ಎಳೆ

ಶಿಡ್ಲಘಟ್ಟ, ಬೆಳಗಿನ ಆರೂ ಹತ್ತು.
ಹೆಗಲಿಗೆ ಚೀಲ, ಚೀಲದಲ್ಲಿ ನಾಲ್ಕು ಫೋನು,
ನಾಲ್ಕರಲ್ಲೂ ಒಂದೇ ವಿಡಿಯೊ, ನೋಡುವವರಿಲ್ಲ.
ನಾನು ನಡೆಯುತ್ತೇನೆ. ಅದು ನಿಂತಲ್ಲಿ ಗುರುತು ಹಾಕುತ್ತೇನೆ:
ಮಸೀದಿ ತಿರುವು, ಹಸಿರು.
ಗೂಡಿನ ಮಾರುಕಟ್ಟೆ, ಹರಾಜಿನ ಹೊತ್ತು, ಕೆಂಪು.
ರೀಲರುಗಳ ಓಣಿ,
ಅಲ್ಲಿ ಚಕ್ರ ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ,
ಪರದೆಯ ಮೇಲೂ.

ಬೆಂದ ಹುಳುವಿನ ವಾಸನೆ, ತಗಡಿನ ಮಾಡು.
"ಟವರ್‌ನೋರಾ ಸಾರ್?" ಅಂದ ಬಾಬಾಜಾನ್.
"ನಮ್ಮ ಶಬ್ರೀನ್‌ಗೆ ಏನಾನಾ ಮಾಡ್ಕೊಡಿ."

ಶಬ್ರೀನ್‌ಗೆ ಕಿವಿ ಕೇಳಿಸದು.
ಚಿಂತಾಮಣಿಯ ಅವಳ ಗೆಳತಿಗೂ.
ಬಿಸಿನೀರಲ್ಲಿ ಬಿಳಿಚಿದ ಬೆರಳು ದುಪಟ್ಟಾಕ್ಕೊರೆಸಿ,
ಫೋನನ್ನು ಡಬ್ಬಕ್ಕೊರಗಿಸಿ, ಗಾಳಿಯಲ್ಲಿ ಮಾತಾಡುತ್ತಾಳೆ.
ಅತ್ತ ತಲುಪುವುದು ಚೌಕ ಚೌಕ.
ಐದು ಬೆರಳು ಸೇರಿ ಒಂದು ಇಟ್ಟಿಗೆ.
ಮುಂದೆ ಹೋದ ಕೈ ನಾಳೆ, ಹಿಂದೆ ಹೋದದ್ದು ನಿನ್ನೆ.
ನಡುವೆ ನಿಂತೇ ಹೋದರೆ
ಯಾವ ದಿನ?

ನಮಗೆ ಟ್ರೈನಿಂಗಿನಲ್ಲಿ ಕಲಿಸಿದ್ದು:
ದಾರಿ ಇಕ್ಕಟ್ಟಾದರೆ ಚಿತ್ರ ಕೆಡಲಿ, ದನಿ ಉಳಿಸಿ.
ಹನ್ನೊಂದು ವರ್ಷ ದನಿ ಉಳಿಸಿದ್ದೇನೆ.
ಇಲ್ಲಿ ಅದು ಜೋಪಾನವಾಗಿ ಹೊತ್ತೊಯ್ಯುತ್ತಿದ್ದದ್ದು
ಯಂತ್ರದ ಗಿರಗಿರ.

ಫೋನು ಇಸ್ಕೊಂಡೆ. ಮೈಕ್ ಬಂದ್ ಮಾಡಿದೆ. ಎಚ್‌ಡಿ ತೆಗೆದೆ.
ಚಿತ್ರ ಸಣ್ಣದಾಗಲಿ, ಮಂಕಾಗಲಿ, ಓಟ ನಿಲ್ಲದಿರಲಿ.
ಇದನ್ನು ಅವಳಿಗೆ ಹೇಗೆ ಹೇಳುವುದು?
ಬಾಬಾಜಾನ್ ಕೈಯಾಡಿಸಿ ಏನೋ ಅಂದ.
ನಕ್ಕಳು. ಬೋಗುಣಿಯತ್ತ ಗಲ್ಲ ತೋರಿಸಿದಳು.
ಒಂದು ಗೂಡು ಖಾಲಿಯಾಗಿ ನೂಲು ತೆಳುವಾಗುತ್ತಿತ್ತು.
ಕಡಿಯುವ ಮೊದಲೇ ಇನ್ನೊಂದರ ತುದಿ ಎಸೆದಳು,
ಅಂಟಿಕೊಂಡಿತು. ರಾಟೆಗೆ ಗೊತ್ತೇ ಆಗಲಿಲ್ಲ.
ಇದಕ್ಕೇ ನಾವು ಬೇರೆ ಹೆಸರಿಟ್ಟು
ನಲವತ್ತು ಸ್ಲೈಡು ಮಾಡಿದ್ದೇವೆ.

ಆಂಟೆನಾ ಎರಡು ಡಿಗ್ರಿ ಇತ್ತ ಬಾಗಲಿ, ಎಂದು ಬರೆದೆ.
ಕಾರಣದ ಕಾಲಂ ಚಿಕ್ಕದು. "ಗ್ರಾಹಕರ ದೂರು."
ಬಾಗಿದರೆ ಮಾರುಕಟ್ಟೆಯಾಚೆ ಯಾರಿಗೋ
ಕೊನೆಯ ಓವರಿನಲ್ಲಿ ಕ್ರಿಕೆಟ್ ನಿಲ್ಲುತ್ತದೆ.
ನಿಲ್ಲಲಿ. ಅವರು ಕಾಮೆಂಟರಿ ಕೇಳಿಸಿಕೊಳ್ಳಬಹುದು.

ಚೀಲ ಏರಿಸಿದೆ. ನಾಲ್ಕೂ ಫೋನು ಇನ್ನೂ ಓಡುತ್ತಿದ್ದವು,
ಅದೇ ಜಿಂಕೆ, ಅದೇ ಹುಲ್ಲು, ಒಂದೊಂದು ರೋಮವೂ ಸ್ಪಷ್ಟ.
ತಿರುಗಿ ನೋಡಿದರೆ ಅವಳ ಡಬ್ಬದ ಮೇಲೆ
ಹೆಬ್ಬೆಟ್ಟಿನಷ್ಟು ಮಸುಕು ಹುಡುಗಿ
ಕೈ ಮುಂದಕ್ಕೆ ಒಯ್ಯುತ್ತಿದ್ದಳು.