ಕಣ್ಣು ಕಾಣುವ ದೂರ

ಬೈಕಿನ ಸೀಟಿಗೆ ಹಗ್ಗ ಬಿಗಿದು
ತುಮಕೂರಿನಿಂದ ಇನಾಯತ್ ತಂದದ್ದು ಎರಡು ಪೆಟ್ಟಿಗೆ.
ಇಲಾಖೆ ಕೊಳ್ಳುವುದು ಒಂದೇ ದುರ್ಬೀನು.
'ಚಿತ್ತಯ್ಯ, ದಿನಾ ನೋಡೋನು ನೀನು,
ನೀನೇ ಆರಿಸು' ಅಂದರು ಸಾಹೇಬರು,
ಜೀಪು ಹತ್ತಿ ಹೋದರು.

ಮೈದನಹಳ್ಳಿ ಕಾವಲು. ಇನ್ನೂ ಆರು ಗಂಟೆ.
ವಾಚ್ ಟವರಿನ ಕಂಬಿ ಅಂಗೈ ಕೊರೆಯುತ್ತಿತ್ತು.

ದೊಡ್ಡದಕ್ಕೆ ಎಂಬತ್ತರ ಗಾಜು, ತಂಬಿಗೆ ಬಾಯಷ್ಟು ಅಗಲ.
ಬೆಲೆ ಕೇಳಿದೆ. ಹೇಳಿದ.
ನನ್ನ ಕೈ ತಾನಾಗಿ ಅಂಗಿಗೆ ಒರೆಸಿಕೊಂಡಿತು.
ಚಿಕ್ಕದು ಅರವತ್ತೈದರದು,
ಸಿಪ್ಪೆ ಸುಲಿಯದ ಜೋಳದ ತೆನೆಯ ಹಾಗೆ
ಕಂಕುಳಲ್ಲಿ ಸುಮ್ಮನೆ ಕೂರುತ್ತದೆ.

'ಅರವತ್ತು ಪಟ್ಟು ಹತ್ತಿರ ತರುತ್ತೆ ಅಣ್ಣಾ'
ಇನಾಯತ್ ಚಕ್ರ ತಿರುಗಿಸಿದ.
ತಂದಿತು, ಸುಳ್ಳಲ್ಲ,
ಜೊತೆಗೆ ಕತ್ತಲೆಯನ್ನೂ ತಂದಿತು.
ಮೂವತ್ತಕ್ಕೆ ಇಳಿಸಿದೆ. ಬೆಳಗಾಯಿತು.

ಕೊಂಬಿನ ತುದಿ ಆಕಾಶಕ್ಕೆ ತಾಗುವಲ್ಲಿ ನೋಡಬೇಕು,
ನೇರಳೆ ಬಣ್ಣದ ಎಳೆ ಹತ್ತಿದರೆ ಆ ಗಾಜು ಸುಮಾರು.
ಸೀರೆಗೆ ಅಂಚು ಬೇಕು, ಕೊಂಬಿಗೆ ಯಾಕೆ?
ದೊಡ್ಡದರಲ್ಲಿ ಇಲ್ಲ. ಚಿಕ್ಕದರಲ್ಲಿ,
ಹಠ ಹಿಡಿದು ಹುಡುಕಿದರೆ, ಒಂದು ನೂಲು.

ನನ್ನ ತಾತ ಮುದ್ದರಂಗ ಇದನ್ನು ಇರಳೆ ಅನ್ನುತ್ತಿದ್ದ.
ಇದೇ ಹುಲ್ಲಿನಲ್ಲಿ ನಾಡಕೋವಿ ಹಿಡಿದು ತೆವಳಿದವನು.
'ಕಾಲು ಕಂಡ್ರೆ ಕೂತ್ಕೋ.
ಕಿವಿ ಕಂಡ್ರೆ ತೆವಳು.
ಕಣ್ಣು ಕಂಡ್ರೆ ಹೊಡಿ.'
ಅವನಿಗಿದ್ದ ಅಳತೆಗೋಲು ಇಷ್ಟೇ.
ಕಣ್ಣಿನವರೆಗೆ ಹೋಗುವಷ್ಟರಲ್ಲಿ ಮೊಣಕೈ ಸುಲಿದು,
ಹತ್ತರಲ್ಲಿ ಒಂಬತ್ತು ಸಲ ಗಾಳಿ ತಿರುಗಿ
ಇರಳೆ ಚಂಗನೆ ಹಾರಿ,
ತಾತ ಬರಿಗೈಲಿ ಬರುತ್ತಿದ್ದ.
ಅಜ್ಜಿ ಹುರುಳಿ ಬೇಯಿಸಿರುತ್ತಿದ್ದಳು,
ಗಾಳಿಯ ಜೊತೆ ಮೊದಲೇ ಮಾತಾಡಿದ್ದವಳ ಹಾಗೆ.

ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ, ಪಕ್ಕದಲ್ಲಿ ಟೀ.
ಮುಕ್ಕಾಲು ಮೈಲಿ ಆಚೆ ಕರಿಗಂಡು ಒಂದು.
ಕಾಲು ಬಂತು, ಕಿವಿ ಬಂತು,
ಕಣ್ಣು ಬಂತು.
ಸುತ್ತ ಬಿಳಿ ಬಳೆ, ಮೂಲೆಯಲ್ಲಿ ಕೂತ ನೊಣ ಕೂಡ.
ಮೆಲುಕು ನಿಲ್ಲಿಸಿ ನನ್ನ ಕಡೆ ತಿರುಗಿತು.
ಬಲಗೈಯ ತೋರುಬೆರಳು
ಮೆಲ್ಲಗೆ ಮಡಚಿತು.
ಅಲ್ಲಿ ಏನೂ ಇರಲಿಲ್ಲ, ಫೋಕಸಿನ ಚಕ್ರ ಬಿಟ್ಟರೆ.
ಟೀ ಆರಿತ್ತು. ಆದರೂ ಕುಡಿದೆ.

ಒಂಬತ್ತೂವರೆಗೆ ನೆಲ ಕಾದು ಬಿಸಿಲ್ಗುದುರೆ ಎದ್ದಿತು.
ದೊಡ್ಡ ಗಾಜಿನಲ್ಲಿ ದೊಡ್ಡ ಕುದುರೆ,
ಚಿಕ್ಕದರಲ್ಲಿ ಅದರ ಮರಿ.
ಇನಾಯತ್ ತಲೆ ಕೆರೆದುಕೊಂಡ.
ಇಲ್ಲದ ಕೆರೆಯಲ್ಲಿ ಮೊಣಕಾಲಷ್ಟು ನೀರಿಗೆ ಇಳಿದು
ಮಿಡಿಗೇಶಿ ಬೆಟ್ಟವೇ ಅಲುಗಾಡುತ್ತಿತ್ತು.
ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟ ಮಾತು ಮೃಗತೃಷ್ಣೆ,
ಜಿಂಕೆಯ ಬಾಯಾರಿಕೆ ಅಂತ.
ನೋಡಿದೆ. ಒಂದು ಜಿಂಕೆಯೂ ಆ ಕಡೆ ಓಡಲಿಲ್ಲ.
ಜಾಲಿ ನೆರಳಲ್ಲಿ ಮಲಗಿ ಕಣ್ಣು ಮುಚ್ಚಿದ್ದವು.
ನೀರು ಕಂಡದ್ದು ನಮಗೆ.

ಮಧ್ಯಾಹ್ನ ಗಾಳಿ ಬಿತ್ತು. ಇನಾಯತ್ ಪುಕ್ಕಟೆ ಕೊಟ್ಟ
ಮೂರು ಕಾಲಿನ ಸ್ಟ್ಯಾಂಡು ಗಡಗಡ ನಡುಗಿ,
ಅಷ್ಟು ಹಣದ ಗಾಜಿನೊಳಗೆ ಲೋಕವೇ ಕುಡಿದವನ ಹಾಗೆ ತೂಗಾಡಿತು.
'ಕಣ್ಣಿಗೆ ಇಷ್ಟು ಸುರಿದು ಕಾಲಿಗೆ ಇಷ್ಟೇನಾ?' ಅಂದೆ.
ಚಿಕ್ಕದು ಸಾಕು. ಉಳಿದ ದುಡ್ಡಿಗೆ
ಮರಳು ಚೀಲ ತೂಗುಹಾಕಿದರೂ ಬಗ್ಗದ
ಭಾರದ ಕಾಲು ಕೊಡು.

ಫಾರಂನಲ್ಲಿ ಒಂದು ಅಂಕಣ: ಆಯ್ಕೆಗೆ ಕಾರಣ.
'ಹೊರಲು ಹಗುರ' ಅಂತ ಬರೆದೆ.
ಬೆರಳಿನ ಸಂಗತಿ ಬರೆಯಲಿಲ್ಲ.

ಸಂಜೆ ದೊಡ್ಡ ಪೆಟ್ಟಿಗೆಗೆ ಹಗ್ಗ ಬಿಗಿದು ಕಿಕ್ ಹೊಡೆದವನು
ಮತ್ತೆ ಆರಿಸಿ, ಮೆಟ್ಟಿಲು ಹತ್ತಿ ಬಂದ.
ಇಷ್ಟು ವರ್ಷ ಮಾರಿದ್ದೇ ಆಯಿತಂತೆ,
ಅಂಗಡಿ ಎದುರಿನ ಬೋರ್ಡು ಬಿಟ್ಟು ಬೇರೆ ಏನೂ ನೋಡಿಲ್ಲವಂತೆ.
ಕರಿಗಂಡನ್ನು ಹಿಡಿದುಕೊಟ್ಟೆ.
ಬಹಳ ಹೊತ್ತು ಸದ್ದಿಲ್ಲ.
'ಅಣ್ಣಾ, ಇದು ನನ್ನನ್ನೇ ನೋಡ್ತಿದೆ.'

'ಹಂಗೇ ಕಾಣೋದು' ಅಂದೆ.
'ಕೈ ಹಿಂದಕ್ಕೆ ಕಟ್ಕೊಂಡು ನೋಡು.'